ಪೆಟ್ಲುಪ್ಪು: ಕೊಟ್ಟಿಗೆಯ ನೆಲದಿಂದ ಮದ್ದಿನ ಮನೆಗೆ

ಯುದ್ಧಗಳ ಚರಿತ್ರೆ ಓದುವಾಗ ದೊರೆಗಳ ಹೆಸರು ಸಿಗುತ್ತದೆ, ಫಿರಂಗಿಗಳ ಲೆಕ್ಕ ಸಿಗುತ್ತದೆ, ಸತ್ತವರ ಅಂದಾಜೂ ಸಿಗುತ್ತದೆ. ಆ ಫಿರಂಗಿಗಳಿಗೆ ತುಂಬಿದ ಮದ್ದು ಎಲ್ಲಿಂದ ಬಂತು ಎಂಬ ಮಾತು ಮಾತ್ರ ಅಪರೂಪ. ಕರಿಮದ್ದಿನಲ್ಲಿ ಇರುವುದು ಮೂರೇ ವಸ್ತು: ಇದ್ದಿಲು, ಗಂಧಕ, ಪೆಟ್ಲುಪ್ಪು. ಇದ್ದಿಲನ್ನು ಯಾವ ಊರಿನಲ್ಲಾದರೂ ಸುಟ್ಟುಕೊಳ್ಳಬಹುದು. ಗಂಧಕ ಸ್ವಲ್ಪ ಇದ್ದರೆ ಸಾಕು. ಮುಕ್ಕಾಲು ಪಾಲು ಬೇಕಾದದ್ದು ಪೆಟ್ಲುಪ್ಪು. ಆ ಪೆಟ್ಲುಪ್ಪು ಸಿಗುತ್ತಿದ್ದುದು ಯಾವ ದೊರೆಯ ಗಣಿಯಲ್ಲೂ ಅಲ್ಲ, ದನ ಕಟ್ಟುವ ಕೊಟ್ಟಿಗೆಯ ನೆಲದಲ್ಲಿ, ಹಳೆಯ ಮಣ್ಣಿನ ಗೋಡೆಯ ಬುಡದಲ್ಲಿ, ಊರ ಹೊರಗಿನ ತಿಪ್ಪೆಯಲ್ಲಿ.

ಹಳ್ಳಿಯ ಗಂಜಲ ಜಗತ್ತಿನ ಯುದ್ಧಗಳನ್ನು ನಡೆಸಿತು ಎಂದರೆ ತಮಾಷೆಯಂತೆ ಕೇಳಿಸುತ್ತದೆ. ಆದರೆ ಸುಮಾರು ನಾಲ್ಕು ನೂರು ವರ್ಷಗಳ ಕಾಲ ನಡೆದದ್ದು ಅದೇ. ಈ ಉಪ್ಪಿನ ಕತೆಯಲ್ಲಿ ನಮಗೆ ಮುಖ್ಯವಾಗಿ ಕಂಡದ್ದು ಎರಡು ಸಂಗತಿ. ಅದನ್ನು ಕೆರೆದು ತೆಗೆದವರಿಗೆ ಅದರಿಂದ ಸಿಕ್ಕಿದ್ದು ಬಹಳ ಕಡಿಮೆ. ಮತ್ತು ಅದು ಮಾಡಿದ ಅನಾಹುತಗಳ ಹಿಂದೆ ಪ್ರತಿ ಸಲವೂ ಇದ್ದುದು "ಇದು ಬರೀ ಉಪ್ಪು ತಾನೇ" ಎಂಬ ಉದಾಸೀನ.

ಉರಿಯದೆ ಉರಿಸುವ ಗುಣ

ಪೆಟ್ಲುಪ್ಪು ಎಂದರೆ ಪೊಟ್ಯಾಸಿಯಂ ನೈಟ್ರೇಟ್. ನೋಡಲು ಬಿಳಿಯ ಹರಳು, ನಾಲಿಗೆಗೆ ತಣ್ಣನೆಯ, ತುಸು ಕಹಿಯ ಉಪ್ಪು. ಒಂದು ಚಿಟಿಕೆಯನ್ನು ಬೆಂಕಿಗೆ ಹಿಡಿದರೆ ಅದು ಉರಿಯುವುದಿಲ್ಲ. ಸುಮಾರು 334 ಡಿಗ್ರಿ ಸೆಲ್ಸಿಯಸ್‌ಗೆ ಕರಗಿ ನೀರಾಗುತ್ತದೆ, ಇನ್ನೂ ಕಾಯಿಸಿದರೆ ಒಡೆದು ಆಮ್ಲಜನಕ ಬಿಡುತ್ತದೆ. ಅದರ ಅಪಾಯವೆಲ್ಲ ಇರುವುದು ಈ ಕೊನೆಯ ಮಾತಿನಲ್ಲಿ. ತೂಕದಲ್ಲಿ ಅದರ ಸುಮಾರು ಅರ್ಧದಷ್ಟು ಪಾಲು ಆಮ್ಲಜನಕವೇ.

ಕಟ್ಟಿಗೆ ಉರಿಯಲು ಗಾಳಿ ಬೇಕು. ಒಲೆಗೆ ಊದುಕೊಳವೆಯಿಂದ ಊದುವುದು ಅದಕ್ಕೇ. ಪೆಟ್ಲುಪ್ಪು ಬೆರೆತ ವಸ್ತುವಿಗೆ ಹೊರಗಿನ ಗಾಳಿ ಬೇಡ, ಊದುವ ಬಾಯಿ ಅದರೊಳಗೇ ಇದೆ. ಹಾಗಾಗಿ ಇದ್ದಿಲು, ಗಂಧಕದ ಜೊತೆ ನುಣ್ಣಗೆ ಬೆರೆಸಿದಾಗ ಗಂಟೆಗಟ್ಟಲೆ ಆಗಬೇಕಾದ ಉರಿ ಕಣ್ಣುರೆಪ್ಪೆ ಮುಚ್ಚುವಷ್ಟರಲ್ಲಿ ಮುಗಿಯುತ್ತದೆ. ಬಿಸಿ ಅನಿಲ ಹಿಗ್ಗಲು ಜಾಗ ಹುಡುಕುತ್ತದೆ. ಜಾಗ ಸಿಗದಿದ್ದರೆ ಕಬ್ಬಿಣವನ್ನೂ ಒಡೆಯುತ್ತದೆ. ರಸಾಯನಶಾಸ್ತ್ರದಲ್ಲಿ ಇಂತಹ ವಸ್ತುವನ್ನು ಉತ್ಕರ್ಷಕ ಎನ್ನುತ್ತಾರೆ. ಸರಳವಾಗಿ ಹೇಳುವುದಾದರೆ, ಇದು ತಾನು ಉರಿಯದೆ ಪಕ್ಕದವರನ್ನು ಉರಿಸುವ ಉಪ್ಪು. ಇದರ ಅಪಾಯವನ್ನು ಇದನ್ನೊಂದನ್ನೇ ನೋಡಿ ಅಳೆಯಲಾಗದು, ಇದರ ನೆರೆಯಲ್ಲಿ ಏನಿದೆ ಎಂದೂ ನೋಡಬೇಕು.

ಈ ಗುಣವನ್ನು ಮೊದಲು ಕಂಡುಕೊಂಡವರು ಚೀನಾದ ರಸವಾದಿಗಳು, ಸುಮಾರು 9ನೇ ಶತಮಾನದಲ್ಲಿ. ಅವರು ಹುಡುಕುತ್ತಿದ್ದುದು ಸಾವಿಲ್ಲದಂತೆ ಮಾಡುವ ಔಷಧ. ಗಂಧಕ, ಪೆಟ್ಲುಪ್ಪು, ಜೇನು ಮುಂತಾದವನ್ನು ಕೂಡಿಸಿ ಕಾಯಿಸಿದವರ ಕೈ ಮುಖ ಸುಟ್ಟು, ಮನೆಯೇ ಹೊತ್ತಿಕೊಂಡಿತು ಎಂದು ಆ ಕಾಲದ ಒಂದು ಗ್ರಂಥ ಎಚ್ಚರಿಸುತ್ತದೆ. ಎಚ್ಚರಿಕೆಯಾಗಿ ಬರೆದದ್ದು ಬೇಗನೇ ಪಾಕವಿಧಾನವಾಯಿತು. 1044ರ ಹೊತ್ತಿಗೆ ಚೀನಾದ ಸೈನ್ಯದ ಗ್ರಂಥದಲ್ಲಿ ಮದ್ದಿನ ಅಳತೆಗಳು ದಾಖಲಾಗಿದ್ದವು. ಅರಬ್ಬರು ಈ ಉಪ್ಪನ್ನು 'ಚೀನಾದ ಹಿಮ' ಎಂದು ಕರೆದರು. 13ನೇ ಶತಮಾನದಲ್ಲಿ ಸಿರಿಯಾದ ಹಸನ್ ಅಲ್-ರಮ್ಮಾಹ್ ಕಟ್ಟಿಗೆಯ ಬೂದಿ ಬಳಸಿ ಇದನ್ನು ಶುದ್ಧ ಮಾಡುವ ಬಗೆಯನ್ನು ಬರೆದಿಟ್ಟ.

ನೆಲ ಕೆರೆದವರು

ಪೆಟ್ಲುಪ್ಪು ನೆಲದಲ್ಲಿ ಹೇಗೆ ಹುಟ್ಟುತ್ತದೆ? ಗಂಜಲ, ಸಗಣಿ, ಕೊಳೆತ ಸೊಪ್ಪುಸದೆಯಿಂದ ಅಮೋನಿಯ ಬರುತ್ತದೆ. ಹಳೆಯ ಕೊಟ್ಟಿಗೆಗಳಲ್ಲಿ ಮೂಗಿಗೆ ಬಡಿಯುವ ವಾಸನೆ ಅದೇ. ಮಣ್ಣಿನೊಳಗಿನ ಸೂಕ್ಷ್ಮಜೀವಿಗಳು ಅದನ್ನು ತಿಂದು ನೈಟ್ರೇಟ್ ಮಾಡುತ್ತವೆ. ಮಳೆಗಾಲ ಮುಗಿದು ನೆಲ ಒಣಗುವಾಗ ತೇವ ಮೇಲಕ್ಕೇರಿ ಆರುತ್ತದೆ, ಉಪ್ಪು ಮೇಲ್ಮೈಯಲ್ಲಿ ಬಿಳಿ ಹುಡಿಯಾಗಿ ಉಳಿಯುತ್ತದೆ. ಇದು ಜೀವಿಗಳ ಕೆಲಸ ಎಂದು ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮುಂಟ್ಜ್ ತೋರಿಸಿದ್ದು 1877ರಲ್ಲಿ. ಅದಕ್ಕೂ ನೂರಾರು ವರ್ಷ ಮೊದಲೇ, ಯಾವ ನೆಲದಲ್ಲಿ ಯಾವ ತಿಂಗಳು ಎಷ್ಟು ಮಣ್ಣು ಕೆರೆಯಬೇಕು ಎಂಬುದು ಬಿಹಾರದ ನುನಿಯಾ ಜನರಿಗೆ ಗೊತ್ತಿತ್ತು.

ನುನಿಯಾ ಎಂಬ ಹೆಸರು ಬಂದದ್ದು 'ನೂನ್' ಅಂದರೆ ಉಪ್ಪು ಎಂಬ ಮಾತಿನಿಂದ. ನಮ್ಮಲ್ಲಿ ಚೌಳು ಮಣ್ಣಿನಿಂದ ಉಪ್ಪು ತೆಗೆಯುತ್ತಿದ್ದ ಉಪ್ಪಾರರ ಹೆಸರಿನಲ್ಲೇ ಉಪ್ಪು ಇರುವಂತೆ. ಗಂಗೆಯ ಉತ್ತರಕ್ಕಿರುವ ತಿರ್ಹುತ್, ಸಾರಣ್, ಚಂಪಾರಣ್ ಸೀಮೆಗಳಲ್ಲಿ ಇದಕ್ಕೆ ಬೇಕಾದದ್ದೆಲ್ಲ ಕೂಡಿಬಂದಿತ್ತು. ಒತ್ತೊತ್ತಾದ ಹಳ್ಳಿಗಳು, ಬೇಕಾದಷ್ಟು ದನಗಳು, ಒಳ್ಳೆಯ ಮಳೆ, ಅದರ ಹಿಂದೆಯೇ ದೀರ್ಘ ಒಣಹವೆ.

ಕೆಲಸದ ಬಗೆ ಹೀಗಿತ್ತು. ನೆಲದ ಮೇಲ್ಪದರವನ್ನು ತೆಳ್ಳಗೆ ಕೆರೆದು ಗುಡ್ಡೆ ಹಾಕುವುದು. ಬಿದಿರು, ಹುಲ್ಲು ಹಾಸಿದ ಗುಂಡಿಗೆ ಆ ಮಣ್ಣು ತುಂಬಿ ಮೇಲಿಂದ ನೀರು ಬಿಡುವುದು. ಬೂದಿಯ ಸಾರ ಸೇರಿದ ಆ ನೀರು ಕೆಳಗೆ ತೊಟ್ಟಿಕ್ಕುತ್ತದೆ. ಅದನ್ನು ಹುಲ್ಲು, ಒಣಎಲೆ ಉರಿಸಿ ಕುದಿಸಿ ಗಟ್ಟಿ ಮಾಡಿ ಆರಲು ಬಿಡುವುದು. ಇಲ್ಲೊಂದು ಜಾಣ್ಮೆ ಇದೆ. ಅಡುಗೆ ಉಪ್ಪು ಬಿಸಿನೀರಿನಲ್ಲೂ ತಣ್ಣೀರಿನಲ್ಲೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಕರಗುತ್ತದೆ. ಪೆಟ್ಲುಪ್ಪು ಹಾಗಲ್ಲ. 20 ಡಿಗ್ರಿಯ 100 ಗ್ರಾಂ ನೀರಿನಲ್ಲಿ ಸುಮಾರು 32 ಗ್ರಾಂ ಕರಗಿದರೆ, ಕುದಿಯುವ ನೀರಿನಲ್ಲಿ ಸುಮಾರು 245 ಗ್ರಾಂ ಕರಗುತ್ತದೆ. ಹಾಗಾಗಿ ಕುದಿದ ನೀರು ಆರಿದಾಗ ಪೆಟ್ಲುಪ್ಪು ಹರಳಾಗಿ ತಳಕ್ಕೆ ಕೂರುತ್ತದೆ, ಅಡುಗೆ ಉಪ್ಪು ಹೆಚ್ಚಿನಂಶ ನೀರಿನಲ್ಲೇ ಉಳಿಯುತ್ತದೆ. ಯಾವ ಪ್ರಯೋಗಶಾಲೆಯ ನೆರವೂ ಇಲ್ಲದೆ ಮಣ್ಣಿನ ಗುಂಡಿ, ಕೊಪ್ಪರಿಗೆಗಳಲ್ಲಿ ಎರಡು ಉಪ್ಪನ್ನು ಬೇರೆ ಮಾಡುವ ವಿದ್ಯೆ ಇದು.

ದೊರೆಗಳ ಹಸಿವು

ಯುರೋಪಿನ ದೊರೆಗಳಿಗೆ ಈ ಉಪ್ಪು ತಮ್ಮ ನಾಡಿನಲ್ಲಿ ಸಾಲದಾಯಿತು. ಇಂಗ್ಲೆಂಡಿನಲ್ಲಿ ಪೆಟ್ಲುಪ್ಪಿನ ಅಧಿಕಾರಿಗಳು ಯಾರದೇ ಲಾಯಕ್ಕೆ, ಪಾರಿವಾಳದ ಗೂಡುಮನೆಗೆ ನುಗ್ಗಿ ನೆಲ ಅಗೆಯಬಹುದಿತ್ತು. 1626ರಲ್ಲಿ ದೊರೆ ಒಂದನೇ ಚಾರ್ಲ್ಸ್, ಪ್ರಜೆಗಳು ತಮ್ಮ ಮತ್ತು ತಮ್ಮ ಪ್ರಾಣಿಗಳ ಮೂತ್ರವನ್ನು ಕೂಡಿಡಬೇಕೆಂದು ಆಜ್ಞೆ ಹೊರಡಿಸಿದ. ಜನರ ಸಿಟ್ಟು ಹೇಗಿತ್ತೆಂದರೆ, 1656ರಲ್ಲಿ ಮನೆಯವರ ಒಪ್ಪಿಗೆ ಇಲ್ಲದೆ ನೆಲ ಅಗೆಯಬಾರದು ಎಂದು ಪಾರ್ಲಿಮೆಂಟೇ ಕಾನೂನು ಮಾಡಬೇಕಾಯಿತು.

ಇಂಗ್ಲಿಷರ ನೆಲ ಅಗೆಯುವುದು ನಿಂತಿತು, ಬಿಹಾರದ ನೆಲ ಕೆರೆಯುವುದು ಹೆಚ್ಚಿತು. 17ನೇ ಶತಮಾನದಲ್ಲಿ ಡಚ್ಚರೂ ಇಂಗ್ಲಿಷರೂ ಪಟ್ನಾದಲ್ಲಿ ಪೈಪೋಟಿಗೆ ಬಿದ್ದು ಪೆಟ್ಲುಪ್ಪು ಕೊಂಡರು. ತೂಕದ ಮಾಲಾದ್ದರಿಂದ ಹಡಗಿನ ತಳಭಾರಕ್ಕೂ ಅದು ಒದಗಿತು. ಮೇಲೆ ರೇಷ್ಮೆ, ಬಟ್ಟೆ, ಕೆಳಗೆ ಪೆಟ್ಲುಪ್ಪು. 1693ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸನ್ನದು ನವೀಕರಿಸುವಾಗ ಸರ್ಕಾರ ಹಾಕಿದ ಷರತ್ತುಗಳಲ್ಲಿ ಒಂದು, ವರ್ಷಕ್ಕೆ 500 ಟನ್ ಪೆಟ್ಲುಪ್ಪು ಒದಗಿಸಬೇಕು ಎಂಬುದು. 1750ರ ದಶಕದಲ್ಲಿ ಬಿಹಾರದ ಪೆಟ್ಲುಪ್ಪಿನ ವ್ಯಾಪಾರವನ್ನು ಹಿಡಿದಿದ್ದವನು ಅರ್ಮೇನಿಯನ್ ವರ್ತಕ ಖ್ವಾಜಾ ವಾಜಿದ್. ಪ್ಲಾಸಿ ಕಾಳಗ ನಡೆದದ್ದು 1757ರಲ್ಲಿ. ಮರುವರ್ಷವೇ ಕ್ಲೈವ್ ನವಾಬ ಮೀರ್ ಜಾಫರನಿಂದ ಕಂಪನಿಗೆ ಪೆಟ್ಲುಪ್ಪಿನ ಏಕಸ್ವಾಮ್ಯ ಬರೆಸಿಕೊಂಡ. ಪ್ಲಾಸಿ ಎಂದರೆ ನಮಗೆ ದಿವಾನಿ, ಕಂದಾಯ, ಬಂಗಾಳದ ಖಜಾನೆ ನೆನಪಾಗುತ್ತದೆ. ಮುಂದಿನ ಯುದ್ಧಗಳ ಮದ್ದಿನ ಮೂಲವೂ ಒಂದೇ ಕೈಗೆ ಹೋದದ್ದನ್ನು ಅದರ ಜೊತೆ ನೆನೆಯಬೇಕು.

ನುನಿಯಾನ ಕೈಗೆ ಬರುತ್ತಿದ್ದುದು ಮುಂಗಡ. ದಲ್ಲಾಳಿ ಕೊಟ್ಟ ಮುಂಗಡದ ಸಾಲ ತೀರಿಸಲು ಅವನು ಹೇಳಿದ ಬೆಲೆಗೇ ಮಾಲು ಹಾಕಬೇಕು. ತಂಬಾಕು, ಕಬ್ಬು, ರೇಷ್ಮೆಗೂಡು ಬೆಳೆದು ಸಾಲಕ್ಕೆ ಸಿಕ್ಕಿದವರ ಸುದ್ದಿ ಬರೆಯುವ ನಮ್ಮಂಥವರಿಗೆ ಈ ಲೆಕ್ಕ ಹೊಸದಲ್ಲ. ಬ್ರಿಟಿಷ್ ಸರ್ಕಾರ ಉಪ್ಪಿನ ಮೇಲೆ ತೆರಿಗೆ ಬಿಗಿ ಮಾಡಿದ ಮೇಲೆ ಇನ್ನೊಂದು ಕಾಟ ಶುರುವಾಯಿತು. ಪೆಟ್ಲುಪ್ಪು ತೆಗೆಯುವಾಗ ಅಡುಗೆ ಉಪ್ಪು ತಾನಾಗಿಯೇ ಬರುತ್ತದೆ ಎಂದೆವಲ್ಲ, ಅದನ್ನು ಮಾರಿಕೊಂಡರೆ ಅಪರಾಧ. ಪೆಟ್ಲುಪ್ಪಿಗೆ ಲೈಸನ್ಸ್, ಅದರ ಜೊತೆ ಹುಟ್ಟಿದ ಉಪ್ಪಿಗೆ ಕಾವಲು. ತನ್ನ ಕೊಪ್ಪರಿಗೆಯ ಉಪ್ಪನ್ನು ತನ್ನ ಗಂಜಿಗೆ ಹಾಕಿಕೊಳ್ಳಲೂ ಅಂಜಬೇಕಾದ ಸ್ಥಿತಿ ಅದು.

ಈ ಮಾಲಿನ ಬಲ ಎಷ್ಟಿತ್ತು ಎಂಬುದಕ್ಕೆ ಒಂದು ಉದಾಹರಣೆ. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾದಾಗ ಉತ್ತರದ ಸರ್ಕಾರದ ಬಳಿ ಪೆಟ್ಲುಪ್ಪು ಸಾಲದಾಗಿತ್ತು. ಮದ್ದಿನ ಕಾರ್ಖಾನೆಯ ಮನೆತನದ ಲಾಮಾಟ್ ಡು ಪಾಂಟ್ ಲಂಡನ್ನಿಗೆ ಹೋಗಿ ಅಲ್ಲಿದ್ದ ಭಾರತದ ಪೆಟ್ಲುಪ್ಪನ್ನೆಲ್ಲ ಸದ್ದಿಲ್ಲದೆ ಕೊಂಡ. ಅಷ್ಟರಲ್ಲಿ ಟ್ರೆಂಟ್ ಎಂಬ ಹಡಗಿನ ವಿಚಾರಕ್ಕೆ ಎರಡು ದೇಶಗಳ ನಡುವೆ ಜಗಳವೆದ್ದು, ಬ್ರಿಟನ್ ಪೆಟ್ಲುಪ್ಪಿನ ರಫ್ತು ನಿಲ್ಲಿಸಿತು. ಆ ಹಡಗಿನಿಂದ ಹಿಡಿದಿದ್ದ ದಕ್ಷಿಣದ ರಾಯಭಾರಿಗಳನ್ನು ಲಿಂಕನ್ ಸರ್ಕಾರ ಬಿಟ್ಟ ಮೇಲೆಯೇ ಮಾಲು ಹೊರಟಿತು.

ಮೈಸೂರಿನ ಮದ್ದು

ಮೈಸೂರಿನ ರಾಕೆಟ್ ಎಂದಾಗ ನಾವು ಕಬ್ಬಿಣದ ಕೊಳವೆಯ ಮಾತಾಡುತ್ತೇವೆ. ಅದು ನ್ಯಾಯವೇ. ಕಾಗದ, ಬಿದಿರಿನ ಬದಲು ಕಬ್ಬಿಣ ಬಂದದ್ದರಿಂದಲೇ ಒಳಗಿನ ಒತ್ತಡ ತಡೆದು ರಾಕೆಟ್ ದೂರ ಹಾರಿತು. ಆದರೆ ಕೊಳವೆಯ ಹೊಟ್ಟೆಯಲ್ಲಿ ಕೆಲಸ ಮಾಡಿದ್ದು ಇದೇ ಉಪ್ಪು ಬೆರೆತ ಮದ್ದು. 1780ರ ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಹೈದರ್ ಮತ್ತು ಟಿಪ್ಪುವಿನ ಸೈನ್ಯ ಕರ್ನಲ್ ಬೇಯ್ಲಿಯ ಪಡೆಯನ್ನು ಸುತ್ತುವರಿದಾಗ, ಕಂಪನಿಯ ಮದ್ದಿನ ಬಂಡಿಗಳು ಹೊತ್ತಿ ಸಿಡಿದವು, ಕಾಳಗದ ದಿಕ್ಕೇ ಬದಲಾಯಿತು. ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಗೋಡೆಯ ಚಿತ್ರದಲ್ಲಿ ಆ ಸಿಡಿತವನ್ನು ಇಂದಿಗೂ ನೋಡಬಹುದು.

ಹತ್ತೊಂಬತ್ತು ವರ್ಷಗಳ ಮೇಲೆ ಅದೇ ಮದ್ದು ಇತ್ತ ತಿರುಗಿತು. 1799ರ ಮೇ 2ರಂದು ಮುತ್ತಿಗೆ ಹಾಕಿದವರ ಗುಂಡೊಂದು ಕೋಟೆಯೊಳಗಿನ ರಾಕೆಟ್ ದಾಸ್ತಾನಿಗೆ ಬಿದ್ದು ಭಾರಿ ಸ್ಫೋಟವಾಯಿತು. ಎರಡೇ ದಿನಕ್ಕೆ, ಮೇ 4ರಂದು, ಕೋಟೆ ಬಿತ್ತು, ಟಿಪ್ಪು ಸತ್ತ. ಸಿಕ್ಕ ರಾಕೆಟ್ಟುಗಳು ಇಂಗ್ಲೆಂಡಿನ ವುಲ್‌ವಿಚ್‌ಗೆ ಹೋದವು, ಕಾಂಗ್ರೀವ್ ರಾಕೆಟ್ಟಿಗೆ ಮಾದರಿಯಾದವು. 2018ರಲ್ಲಿ ಹೊಸನಗರ ತಾಲ್ಲೂಕಿನ ನಗರದಲ್ಲಿ ಪಾಳುಬಾವಿಯೊಂದನ್ನು ಅಗೆದಾಗ ಸಾವಿರಕ್ಕೂ ಹೆಚ್ಚು ಹಳೆಯ ರಾಕೆಟ್ಟುಗಳು ಸಿಕ್ಕವು.

ಶ್ರೀರಂಗಪಟ್ಟಣಕ್ಕೆ ಹೋದವರು ಅಲ್ಲಿನ ಮದ್ದಿನ ಮನೆಗಳನ್ನು ನೋಡಬೇಕು. ಅವುಗಳಲ್ಲಿ ಒಂದನ್ನು ಜೋಡಿ ರೈಲು ಹಳಿಗಾಗಿ 2017ರಲ್ಲಿ ಇಡಿಯಾಗಿ ಎತ್ತಿ ಪಕ್ಕಕ್ಕೆ ಸರಿಸಿದ್ದು ದೊಡ್ಡ ಸುದ್ದಿಯಾಗಿತ್ತು. ದಪ್ಪ ಗೋಡೆ, ಗಟ್ಟಿ ಗಾರೆ, ಒಂದೆಡೆ ಗುಂಪಾಗಿರದೆ ದೂರ ದೂರ ಹಂಚಿದ ಕಟ್ಟಡಗಳು. ಎಲ್ಲ ಮದ್ದನ್ನೂ ಒಂದೇ ಕಡೆ ಇಡಬಾರದು ಎಂಬ ತಿಳಿವಳಿಕೆ ಆ ಕಟ್ಟಡಗಳಲ್ಲೇ ಕಾಣುತ್ತದೆ.

"ಪೆಟ್ಲುಪ್ಪು ಸಿಡಿಯುತ್ತದೆಯೇ?"

ಆ ತಿಳಿವಳಿಕೆ ಎಲ್ಲ ಕಡೆ ಉಳಿಯಲಿಲ್ಲ. 1654ರಲ್ಲಿ ಹಾಲೆಂಡಿನ ಡೆಲ್ಫ್ಟ್ ಪಟ್ಟಣದ ನಡುವೆ ಕೂಡಿಟ್ಟಿದ್ದ ಮದ್ದು ಸಿಡಿದು ಊರಿನ ಒಂದು ಭಾಗವೇ ನೆಲಸಮವಾಯಿತು. ಹೆಸರಾಂತ ಚಿತ್ರಕಾರ ಕಾರೆಲ್ ಫ್ಯಾಬ್ರಿಷಿಯಸ್ ಸತ್ತದ್ದು ಅದರಲ್ಲೇ. ಫ್ರಾನ್ಸಿನಲ್ಲಿ 1775ರಿಂದ ಸರ್ಕಾರಿ ಮದ್ದಿನ ಇಲಾಖೆ ನೋಡಿಕೊಳ್ಳುತ್ತಿದ್ದವನು ಆಮ್ಲಜನಕಕ್ಕೆ ಹೆಸರಿಟ್ಟ ಲವಾಸಿಯೇ. 1788ರಲ್ಲಿ ಪೆಟ್ಲುಪ್ಪಿನ ಬದಲು ಪೊಟ್ಯಾಸಿಯಂ ಕ್ಲೋರೇಟ್ ಎಂಬ ಇನ್ನೂ ಉಗ್ರವಾದ ಉಪ್ಪು ಹಾಕಿ ಮದ್ದು ಅರೆಯುವ ಪ್ರಯೋಗ ನಡೆಯಿತು. ಲವಾಸಿಯೇ ದಂಪತಿ ಸ್ವಲ್ಪ ಆಚೆ ಹೋಗಿದ್ದರು. ಅರೆಯುವ ಯಂತ್ರದ ಬಳಿ ಇದ್ದ ಇಬ್ಬರು ಸತ್ತರು. 1794ರ ಆಗಸ್ಟ್‌ನಲ್ಲಿ ಪ್ಯಾರಿಸ್ಸಿನ ಗ್ರೆನೆಲ್ ಮದ್ದಿನ ಕಾರ್ಖಾನೆ ಸಿಡಿದು ನೂರಾರು ಕೆಲಸಗಾರರು ಸತ್ತರು. ಕ್ರಾಂತಿಯ ಯುದ್ಧಗಳಿಗೆ ಮದ್ದು ಸಾಲದೆ ರಾತ್ರಿಹಗಲು ದುಡಿಸುತ್ತಿದ್ದ ಕಾಲ ಅದು.

ಇವೆಲ್ಲ ಬೆರೆಸಿದ ಮದ್ದಿನ ಅನಾಹುತಗಳು. ಬರೀ ಉಪ್ಪಿನ ಚೀಲಗಳಿಂದ ಅಪಾಯವಿಲ್ಲ ಎಂಬ ನಂಬಿಕೆ ವ್ಯಾಪಾರಿಗಳಲ್ಲಿ ಬಲವಾಗಿತ್ತು. 1845ರ ಜುಲೈ 19ರಂದು ನ್ಯೂಯಾರ್ಕಿನಲ್ಲಿ ಆ ನಂಬಿಕೆಗೆ ಪೆಟ್ಟು ಬಿತ್ತು. ಪೇಟೆಬೀದಿಯಲ್ಲಿ ಹೊತ್ತಿದ ಬೆಂಕಿ ಬ್ರಾಡ್ ಸ್ಟ್ರೀಟಿನ ಒಂದು ಗೋದಾಮಿಗೆ ತಾಗಿತು. ಅಲ್ಲಿ ಪೆಟ್ಲುಪ್ಪಿನ ದೊಡ್ಡ ದಾಸ್ತಾನಿತ್ತು. ಗೋದಾಮು ಸಿಡಿದು ಅಕ್ಕಪಕ್ಕದ ಕಟ್ಟಡಗಳನ್ನೂ ಕೆಡವಿತು. ಆ ಬೆಂಕಿಯಲ್ಲಿ ಒಟ್ಟು 30 ಮಂದಿ ಸತ್ತರು, ಮುನ್ನೂರಕ್ಕೂ ಹೆಚ್ಚು ಕಟ್ಟಡ ಸುಟ್ಟವು. ಆಮೇಲೆ ಪತ್ರಿಕೆಗಳಲ್ಲಿ ದೊಡ್ಡ ಚರ್ಚೆ: ಪೆಟ್ಲುಪ್ಪು ಸಿಡಿಯುತ್ತದೆಯೇ, ಇಲ್ಲವೇ?

ಪ್ರಶ್ನೆಯೇ ಅರ್ಧ ತಪ್ಪಾಗಿತ್ತು. ಶುದ್ಧ ಪೆಟ್ಲುಪ್ಪು ಒಂದೇ ಇದ್ದರೆ ಸುಲಭಕ್ಕೆ ಸಿಡಿಯದು. ಆದರೆ ಗೋದಾಮಿನಲ್ಲಿ ಅದು ಒಂದೇ ಇರುವುದಿಲ್ಲ. ಗೋಣಿಚೀಲ ಇರುತ್ತದೆ, ಮರದ ಅಟ್ಟ ಇರುತ್ತದೆ. ಉಪ್ಪಿನ ತೇವ ಹೀರಿದ ಚೀಲ ಮದ್ದಿನ ಬತ್ತಿಯಂತೆ ಉರಿಯುತ್ತದೆ. ಬೆಂಕಿಯಲ್ಲಿ ಕರಗಿದ ಉಪ್ಪು ಹರಿದು ಮರದೊಳಕ್ಕೆ ಇಳಿಯುತ್ತದೆ. ಆಗ ಗೋದಾಮೇ ಮದ್ದಾಗುತ್ತದೆ.

ಉಪ್ಪು ಬದಲಾಯಿತು, ಗುಣ ಬದಲಾಗಲಿಲ್ಲ

19ನೇ ಶತಮಾನದಲ್ಲಿ ಚಿಲಿಯ ಮರುಭೂಮಿಯ ಸೋಡಿಯಂ ನೈಟ್ರೇಟ್ ಪೇಟೆಗೆ ಬಂತು, ಬಿಹಾರದ ವ್ಯಾಪಾರ ಕುಸಿಯಿತು. ಕೆಲಸ ಕಳೆದುಕೊಂಡ ನುನಿಯಾಗಳು ಕೆರೆ ಅಗೆಯಲು, ಮಣ್ಣು ಹೊರಲು, ಇಟ್ಟಿಗೆ ಗೂಡಿಗೆ ಹೋದರು. 1909ರಲ್ಲಿ ಜರ್ಮನಿಯ ಫ್ರಿಟ್ಜ್ ಹೇಬರ್ ಗಾಳಿಯ ಸಾರಜನಕದಿಂದ ಅಮೋನಿಯ ಮಾಡಿ ತೋರಿಸಿದ. 1913ರಲ್ಲಿ ಓಪ್ಪಾವು ಎಂಬಲ್ಲಿ ಅದರ ಕಾರ್ಖಾನೆ ಎದ್ದಿತು. ಅಲ್ಲಿಂದ ಮುಂದೆ ಗೊಬ್ಬರಕ್ಕೂ ಗುಂಡಿಗೂ ಕೊಟ್ಟಿಗೆಯ ಹಂಗು ಬೇಕಾಗಲಿಲ್ಲ.

ಹೊಸ ಕಾಲದ ಉಪ್ಪು ಅಮೋನಿಯಂ ನೈಟ್ರೇಟ್. ಇದು ಪೆಟ್ಲುಪ್ಪಿಗಿಂತ ಒಂದು ಹೆಜ್ಜೆ ಮುಂದೆ, ಸಂದರ್ಭ ಕೂಡಿಬಂದರೆ ತಾನೊಂದೇ ಸಿಡಿಯಬಲ್ಲದು. 1921ರ ಸೆಪ್ಟೆಂಬರ್ 21ರಂದು ಓಪ್ಪಾವಿನಲ್ಲಿ ಈ ಉಪ್ಪು ಬೆರೆತ ಗೊಬ್ಬರದ 4,500 ಟನ್ ರಾಶಿ ಗಟ್ಟಿಯಾಗಿತ್ತು. ಸಡಿಲಿಸಲು ಎಂದಿನಂತೆ ಸಣ್ಣ ಸಿಡಿಮದ್ದು ಇಟ್ಟರು. ಹಿಂದೆ ಸಾವಿರಾರು ಸಲ ಹಾಗೆ ಮಾಡಿ ಏನೂ ಆಗಿರಲಿಲ್ಲ. ಅಂದು 500ಕ್ಕೂ ಹೆಚ್ಚು ಜನ ಸತ್ತರು. 1947ರ ಏಪ್ರಿಲ್ 16ರಂದು ಅಮೆರಿಕದ ಟೆಕ್ಸಸ್ ಸಿಟಿ ಬಂದರಿನಲ್ಲಿ ಗೊಬ್ಬರದ ಹಡಗಿಗೆ ಬೆಂಕಿ ಬಿತ್ತು. ಸರಕು ನೆನೆಯಬಾರದೆಂದು ನೀರು ಹೊಯ್ಯದೆ, ಬಾಗಿಲು ಮುಚ್ಚಿ ಒಳಗೆ ಹಬೆ ಬಿಟ್ಟರು. ತನ್ನ ಗಾಳಿಯನ್ನು ತಾನೇ ಹೊತ್ತ ಉಪ್ಪಿಗೆ ಬಾಗಿಲು ಮುಚ್ಚಿದರೇನು? ಸುಮಾರು 580 ಜನ ಹೋದರು. 2020ರ ಆಗಸ್ಟ್ 4ರಂದು ಬೈರೂತ್ ಬಂದರಿನಲ್ಲಿ, ವರ್ಷಗಟ್ಟಲೆ ಯಾರೂ ಹೊಣೆ ಹೊರದೆ ಬಿದ್ದಿದ್ದ 2,750 ಟನ್ ಸಿಡಿದು 200ಕ್ಕೂ ಹೆಚ್ಚು ಜನ ಸತ್ತರು.

ಭಾರತದಲ್ಲಿ 2011ರಲ್ಲಿ ಅಮೋನಿಯಂ ನೈಟ್ರೇಟನ್ನು ಸ್ಫೋಟಕ ಎಂದು ಘೋಷಿಸಲಾಯಿತು, 2012ರಲ್ಲಿ ಅದಕ್ಕೆಂದೇ ನಿಯಮಗಳು ಬಂದವು. ತಯಾರಿಕೆ, ದಾಸ್ತಾನು, ಸಾಗಣೆ ಎಲ್ಲಕ್ಕೂ ಪರವಾನಗಿ ಬೇಕು. ಆದರೂ 2021ರ ಜನವರಿಯಲ್ಲಿ ಶಿವಮೊಗ್ಗದ ಹುಣಸೋಡು, ಮರುತಿಂಗಳೇ ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿ, ಎರಡೂ ಕಡೆ ಕ್ವಾರಿಯ ಸ್ಫೋಟಕಗಳು ಸಿಡಿದು ಜನ ಸತ್ತರು. 2023ರ ಅಕ್ಟೋಬರ್‌ನಲ್ಲಿ ಅತ್ತಿಬೆಲೆಯ ಪಟಾಕಿ ಮಳಿಗೆಗೆ ಬೆಂಕಿ ಬಿದ್ದಾಗ ಸತ್ತವರಲ್ಲಿ ಹೆಚ್ಚಿನವರು ದುಡಿಯಲು ಬಂದ ಹುಡುಗರು.

ಮತ್ತೆ ಹಳ್ಳಿಗೆ

ಇಷ್ಟೆಲ್ಲ ತಿರುಗಿದ ಪೆಟ್ಲುಪ್ಪು ಈಗ ಹೆಸರು ಬದಲಿಸಿಕೊಂಡು ಹಳ್ಳಿಗೆ ಮರಳಿದೆ. ದ್ರಾಕ್ಷಿ, ದಾಳಿಂಬೆ, ಟೊಮೆಟೊ ಬೆಳೆಯುವವರು ಡ್ರಿಪ್ಪಿಗೆ ಬಿಡುವ, ಎಲೆಗೆ ಹೊಡೆಯುವ 13:0:45 ಗೊಬ್ಬರ ಬೇರೇನೂ ಅಲ್ಲ, ಇದೇ ಪೊಟ್ಯಾಸಿಯಂ ನೈಟ್ರೇಟ್. ಒಂದು ಕಾಲದಲ್ಲಿ ಜಗತ್ತಿಗೆ ಕಳಿಸಿದ ಮಾಲನ್ನು ಈಗ ಹೆಚ್ಚಾಗಿ ಹೊರದೇಶದಿಂದ ತರಿಸಿ, ಕಿಲೋ ಲೆಕ್ಕದಲ್ಲಿ ದುಡ್ಡು ಕೊಟ್ಟು ಕೊಳ್ಳುತ್ತಿದ್ದೇವೆ.

ಅದು ಒಳ್ಳೆಯ ಗೊಬ್ಬರ, ಹೆದರಬೇಕಾಗಿಲ್ಲ. ಆದರೆ ಪಂಪ್‌ಸೆಟ್ ಮನೆಯಲ್ಲಿ ಅದರ ನೆರೆ ನೋಡಿ. ಬೂದಿರೋಗಕ್ಕೆ ತಂದ ಗಂಧಕದ ಪುಡಿ, ಡೀಸೆಲ್ ಕ್ಯಾನು, ಒಣಹುಲ್ಲು, ಖಾಲಿ ಗೋಣಿಚೀಲ. ಚೀಲಗಳು ಪಕ್ಕಪಕ್ಕ ಇದ್ದ ಮಾತ್ರಕ್ಕೆ ಏನೂ ಆಗದು. ಶಾರ್ಟ್ ಸರ್ಕಿಟ್ಟಿನ ಒಂದು ಕಿಡಿಯಿಂದ ಬೆಂಕಿ ಎದ್ದರೆ ಮಾತ್ರ, ಹರಿದು ಚೆಲ್ಲಿ ಬೆರೆತದ್ದೆಲ್ಲ ಲೆಕ್ಕಕ್ಕೆ ಬರುತ್ತದೆ. ಅದನ್ನು ಬೇರೆ ಮೂಲೆಯಲ್ಲಲ್ಲ, ಬೇರೆ ಕೋಣೆಯಲ್ಲಿ, ಒಣಗಿದ ಜಾಗದಲ್ಲಿ ಇಡಬೇಕು. ಬೆಂಕಿ ಬಿದ್ದರೆ ಮಣ್ಣು, ಕಂಬಳಿ ಮುಚ್ಚಿ ಉಸಿರುಗಟ್ಟಿಸಲಾಗದು. ದೂರದಿಂದ ಧಾರಾಳ ನೀರು ಬೇಕು, ಹೊಗೆಗೆ ಎದುರಾಗಿ ನಿಲ್ಲಬಾರದು. ಇನ್ನೊಂದು ಮಾತು: ಉಪ್ಪಿನ ರುಚಿಗೆ ದನಗಳು ಖಾಲಿ ಚೀಲ ನೆಕ್ಕುತ್ತವೆ. ಅವುಗಳ ಹೊಟ್ಟೆಯಲ್ಲಿ ನೈಟ್ರೇಟ್ ನೈಟ್ರೈಟಾಗಿ, ರಕ್ತ ಆಮ್ಲಜನಕ ಒಯ್ಯಲಾರದೆ ಕಂದು ಬಣ್ಣಕ್ಕೆ ತಿರುಗಿ, ಗಂಟೆಗಳಲ್ಲೇ ಸಾಯಬಹುದು. ದನದ ಗಂಜಲದಿಂದ ಹುಟ್ಟುತ್ತಿದ್ದ ಉಪ್ಪು ದನವನ್ನೇ ಕೊಲ್ಲುವುದು ಹೀಗೆ.

ವರದಿ ಮಾಡುವ ನಮ್ಮ ಬಳಗಕ್ಕೂ ಈ ಚರಿತ್ರೆಯಲ್ಲಿ ಕಲಿಯುವುದಿದೆ. ಎಲ್ಲಾದರೂ ಸ್ಫೋಟವಾದರೆ ಮರುದಿನದ ಸುದ್ದಿಯಲ್ಲಿ ಸತ್ತವರ ಸಂಖ್ಯೆ, ಪರಿಹಾರದ ಮೊತ್ತ, ತನಿಖೆಯ ಭರವಸೆ ಇರುತ್ತದೆ. ಕೇಳಬೇಕಾದ ಪ್ರಶ್ನೆಗಳು ಬೇರೆ. ಎಷ್ಟು ಇತ್ತು? ಯಾವುದರ ಪಕ್ಕದಲ್ಲಿತ್ತು? ಅಲ್ಲಿ ಇಡಲು ಒಪ್ಪಿಗೆ ಕೊಟ್ಟವರು ಯಾರು? ಚೀಲ ಹೊತ್ತವರಿಗೆ ಅದರೊಳಗೆ ಏನಿದೆ ಎಂದು ಯಾರಾದರೂ ಹೇಳಿದ್ದರೇ? ನ್ಯೂಯಾರ್ಕಿನವರು 1845ರಲ್ಲಿ ಉಪ್ಪಿನ ಸ್ವಭಾವದ ಬಗ್ಗೆ ವಾದ ಮಾಡಿದರು. ಸ್ವಭಾವ ಅಂದಿಗೂ ಇಂದಿಗೂ ಒಂದೇ. ರಾಶಿ ಹಾಕುವವರು, ನೆರೆ ಗೊತ್ತುಮಾಡುವವರು ಮನುಷ್ಯರು. ಆ ಮನುಷ್ಯರ ಹೆಸರು ಸುದ್ದಿಯಲ್ಲಿ ಬರಬೇಕು.